ರೇತಿಬಂದರಿನ ಎರಡು ದೀಪ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ತಿಂಡಿಯ ಗದ್ದಲ ಮುಗಿದು ಊಟದ ಗದ್ದಲ ಇನ್ನೂ ಶುರುವಾಗದ ಹೊತ್ತು. ಡೊಂಬಿವಲಿ ಪಶ್ಚಿಮದ ‘ಪ್ರಸನ್ನ ವಿಹಾರ’ದ ಗಲ್ಲಾದಲ್ಲಿ ಮಾಲೀಕ ಸಂಕರ್ಷಣ ಭಟ್ಟ ಹಳದಿ ಅಂಗಿ ತೊಟ್ಟು ಮುಖ ಗಂಟಿಕ್ಕಿಕೊಂಡು ಕೂತಿದ್ದ. ಹಳದಿ ಅವನಿಗೆ ಒಗ್ಗುವ ಬಣ್ಣವಲ್ಲ. ಆದರೆ ನವರಾತ್ರಿಯಲ್ಲಿ ಯಾವ ದಿನಕ್ಕೆ ಯಾವ ಬಣ್ಣ ಎಂದು ಪೇಪರಿನವರು ಅಚ್ಚು ಹಾಕಿದರೆ ಸಾಕು, ಠಾಣೆಯಿಂದ ಕಲ್ಯಾಣದವರೆಗೆ ಲೋಕಲ್ ಡಬ್ಬಿಗಳೆಲ್ಲ ಅದೇ ಬಣ್ಣಕ್ಕೆ ತಿರುಗುತ್ತವೆ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ನೀಲಿ, ಇಂದು ಹಳದಿ. ಹೋಟೆಲಿನವರೆಲ್ಲ ಪಾಲಿಸಬೇಕೆಂದು ಹೆಂಡತಿ ನಳಿನಿಯ ಕಟ್ಟಪ್ಪಣೆಯಾಗಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಬಣ್ಣದ ವಿಷಯಕ್ಕೆ ಜಗಳವಾಡುವಷ್ಟು ದಡ್ಡ ಅವನಲ್ಲ.

ಈ ಅಪ್ಪಣೆಗೆ ಸೊಪ್ಪು ಹಾಕದವರು ಮೂಲೆಯ ಮೇಜಿನ ರಮಾಮಣಿ ಒಬ್ಬರೇ. ಮೈಸೂರಿನವರು, ಅರವತ್ತಮೂರು ದಾಟಿದವರು. ಠಾಣೆ ಹತ್ತಿರದ ಕಳವಾ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದೀಪಗಳನ್ನು ಪರೀಕ್ಷೆ ಮಾಡಿ ನಿವೃತ್ತರಾಗಿದ್ದರು. ಈಗ ದಿನವೂ ಫ್ಯಾನಿನ ಕೆಳಗಿನ ಆ ಮೇಜಿನಲ್ಲಿ ಕೂತು, ಎರಡು ಫಿಲ್ಟರ್ ಕಾಫಿ ಕುಡಿದು, ಊರಿನವರ ತಲೆನೋವು ಬಿಡಿಸುತ್ತಿದ್ದರು. ಸೊಸೈಟಿಯ ನೀರು ಎಲ್ಲಿ ಸೋರುತ್ತದೆ, ಯಾರ ಸಹಿಯನ್ನು ಯಾರು ಹಾಕಿದ್ದಾರೆ, ಎಲ್ಲವೂ ಅವರ ಬಳಿಗೆ ಬರುತ್ತಿತ್ತು. ಅಂಥ ಪ್ರಸಂಗಗಳಲ್ಲಿ ಅವರ ಜೊತೆ ಓಡಾಡುವುದು ಸಂಕರ್ಷಣನ ಕೆಲಸ. ತಾನು ಇಲ್ಲದೆ ಅವರಿಗೆ ಒಂದು ಹೆಜ್ಜೆಯೂ ಸಾಗದೆಂದು ಅವನು ನಂಬಿದ್ದ. ಆ ನಂಬಿಕೆಯನ್ನು ಅವರೂ ಕೆಡಿಸಿರಲಿಲ್ಲ.

ಆ ಹೊತ್ತಿಗೆ ಒಳಗೆ ಬಂದವನು ಕಮಲಾಕ್ಷ. ಮಲ್ಪೆಯ ಕಡೆಯವನು, ರೇತಿಬಂದರಿನಲ್ಲಿ ಹೊಸ ಜೆಟ್ಟಿ ಕಟ್ಟುವ ಕಂಪನಿಯಲ್ಲಿ ಬಾರ್ಜಿನ ದೀಪ ನೋಡಿಕೊಳ್ಳುವ ಕೆಲಸ ಅವನದು. ಕೂರಲು ಹೇಳಿದರೂ ಕೂರದೆ ಟೊಪ್ಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

“ಅಮ್ಮ, ನನ್ನದೊಂದು ಪಂಚಾಯ್ತಿಕೆ ಉಂಟು. ನಾನು ನಿಜ ಹೇಳಿದ್ರೆ ನನ್ನ ದೋಸ್ತಿ ಮುಳುಗ್ತಾನೆ. ಅವನು ನಿಜ ಹೇಳಿದ್ರೆ ನಾನು ಮುಳುಗ್ತೇನೆ. ಇಬ್ಬರೂ ಸುಳ್ಳು ಹೇಳ್ತಾ ಇಲ್ಲ.”

“ಮೊದಲು ಕೂತ್ಕೊಳ್ಳಿ,” ಎಂದರು ರಮಾಮಣಿ. “ಭಟ್ರೇ, ಇವರಿಗೊಂದು ಕಾಫಿ. ಈಗ ಮೊದಲಿಂದ ಹೇಳಿ.”

ವಿಷಯ ಇಷ್ಟು. ಉಲ್ಹಾಸ ನದಿಯ ಖಾಡಿಯಲ್ಲಿ, ಅಂದರೆ ಅಳಿವೆಯಲ್ಲಿ, ಕಂಪನಿಯದೊಂದು ಬಾರ್ಜು ನಿಂತಿತ್ತು. ಇಂಜಿನ್ ಇಲ್ಲ, ಮೇಲೆ ಮನುಷ್ಯರಿಲ್ಲ. ಉದ್ದನೆಯ ಕಬ್ಬಿಣದ ತೆಪ್ಪವೆಂದರೆ ಸರಿಯಾದೀತು. ನಾಲ್ಕೂ ಮೂಲೆಗೆ ಲಂಗರು ಬಿಗಿದಿದ್ದರಿಂದ ಅತ್ತಿತ್ತ ತಿರುಗುತ್ತಲೂ ಇರಲಿಲ್ಲ. ಸೋಮವಾರವಷ್ಟೇ ಅದನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಎಳೆದು ತಂದಿದ್ದರು. ಮನುಷ್ಯರಿಲ್ಲದ ಬಾರ್ಜಿಗೆ ದೀಪವೇ ಬಾಯಿ: ಎರಡೂ ತುದಿಯ ಕಂಬದ ಮೇಲೆ ಒಂದೊಂದು ಬಿಳಿ ದೀಪ, ಸುತ್ತ ಎಲ್ಲ ಕಡೆಗೂ ಕಾಣುವಂತೆ, ಕತ್ತಲಾದೊಡನೆ ತಾನಾಗಿ ಹೊತ್ತಿಕೊಳ್ಳುವಂಥದ್ದು.

ಮಂಗಳವಾರ ಸಂಜೆ ಏಳೂವರೆಗೆ ಕೋಳಿವಾಡವೆಂಬ ಮೀನುಗಾರರ ಕೇರಿಯ ಯಶ್ವಂತ್ ಒಬ್ಬನೇ ದೋಣಿಯಲ್ಲಿ ಮನೆಗೆ ಮರಳುತ್ತ ನೇರ ಬಾರ್ಜಿನ ಹೊಟ್ಟೆಗೆ ಗುದ್ದಿದ್ದ. ದೋಣಿಯ ಮೂತಿ ಒಡೆಯಿತು, ಅವನು ನೀರಿಗೆ ಬಿದ್ದ. ಸದ್ದು ಕೇಳಿ ದೋಣಿ ಹುಟ್ಟು ಹಾಕಿಕೊಂಡು ಹೋಗಿ, ಹಿಂದಿನ ತುದಿಯನ್ನು ಬಳಸಿ, ಅವನ ಅಂಗಿ ಹಿಡಿದು ಎತ್ತಿದವನು ಇದೇ ಕಮಲಾಕ್ಷ.

“ಯಶ್ವಂತ್ ಏನಂತಾರೆ?”

“ಕೆಂಪು ದೀಪ ಕಂಡಿತು ಅಂತಾನೆ. ಕೆಂಪು ಅಂದ್ರೆ ಹೋಗ್ತಾ ಇರುವ ಹಡಗಿನ ಎಡಮೈ ಅಮ್ಮ, ಹಸಿರು ಅಂದ್ರೆ ಬಲಮೈ. ನಾವೆಲ್ಲ ಮಕ್ಕಳಿರುವಾಗಲೇ ಕಲೀತೇವೆ. ಆದ್ರೆ ಬಾರ್ಜಿನಲ್ಲಿ ಕೆಂಪು ದೀಪವೇ ಇಲ್ಲ ಮಾರಾಯ್ರೆ. ಕುಡಿದಿದ್ದ ಅಂತ ಆಫೀಸಿನವರು ಬರೆದು ಕೊಟ್ಟಿದ್ದಾರೆ. ಅವನಾದ್ರೆ ಹಾಲು ಕೂಡ ಅಳೆದು ಕುಡಿಯುವ ಜನ.”

“ನೀವು ದೀಪ ನೋಡಿದ್ರಾ?”

“ನಾಲ್ಕು ಗಂಟೆಗೆ ಬಾರ್ಜಿಗೆ ಹೋಗಿ, ಎರಡೂ ದೀಪಕ್ಕೆ ಟೊಪ್ಪಿ ಮುಚ್ಚಿ ಕತ್ತಲೆ ಮಾಡಿ ನೋಡಿದೆ. ಹೊತ್ತಿಕೊಂಡಿತು. ಕತ್ತಲಾದ ಮೇಲೆ ದಡದಿಂದ ಎಣಿಸಿದೆ. ಎರಡು ದೀಪ, ಎರಡೂ ಬಿಳಿ. ದಿನಾ ಹಾಗೆಯೇ. ಗುದ್ದಿದ ಮೇಲೆ ತಲೆ ಎತ್ತಿ ದೀಪ ನೋಡ್ಲಿಕ್ಕೆ ಯಾರಿಗೆ ಪುರುಸೊತ್ತು, ಅವನು ನೀರಲ್ಲಿದ್ದ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದರು ಅಧಿಕಾರಿ ಬಂದು ಪರೀಕ್ಷೆ ಮಾಡಿದ್ರು, ಆಗಲೂ ಎರಡೂ ಬಿಳಿ.”

“ನಾಲ್ಕರ ಮೇಲೆ ಯಾರಾದ್ರೂ ಬಾರ್ಜಿಗೆ ಹೋಗಿದ್ರಾ?”

“ಆಫೀಸಿನವರು ಐದಕ್ಕೆ ಲಾಂಚಿನಲ್ಲಿ ಹೋಗಿ ಐದೂವರೆಗೆ ಬಂದ್ರು. ಅವರು ದಿನಾ ಹೋಗ್ತಾರಲ್ಲ.” ಕಮಲಾಕ್ಷನ ಸ್ವರ ಕುಗ್ಗಿತು. “ನಾಳೆ ಸಂಜೆ ತೀರ್ಮಾನ ಅಮ್ಮ. ದೀಪ ಸರಿ ಇತ್ತು ಅಂದ್ರೆ ಯಶ್ವಂತನ ಲೈಸೆನ್ಸ್ ಹೋಗ್ತದೆ. ಸರಿ ಇರ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗ್ತದೆ. ಹದಿನಾಲ್ಕು ವರ್ಷ ದೀಪ ಕಾದಿದ್ದೇನೆ. ದೀಪ ನೋಡದವನು ಅಂತ ಹೆಸರು ತಗೊಂಡು ಊರಿಗೆ ಹೇಗೆ ಹೋಗುವುದು?”

ರಮಾಮಣಿ ಲೋಟದ ತಳದ ಕಾಫಿಯನ್ನು ಮುಗಿಸಿ ಎದ್ದರು. “ರಿಕ್ಷಾ ಕರೀರಿ ಭಟ್ರೇ. ಊಟದ ಹೊತ್ತಿಗೆ ನಳಿನಿ ಗಲ್ಲಾ ನೋಡ್ಕೋತಾಳೆ. ನಿಮಗಿಂತ ಚೆನ್ನಾಗೇ ನೋಡ್ಕೋತಾಳೆ.”

*

ಕಂಪನಿಯ ಆಫೀಸು ದಡದ ಮೇಲಿನ ಒಂದು ಕಂಟೇನರಿನಲ್ಲಿತ್ತು. ಸೈಟ್ ಇಂಜಿನಿಯರ್ ಸುಮುಖ ಬೆಂಗಳೂರಿನ ಹುಡುಗ, ಆರಡಿಗೂ ಮಿಕ್ಕಿದ ಎತ್ತರ. ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಗೆ ಬಂದು, ಹಳದಿ ಟೀ ಶರ್ಟಿನಲ್ಲಿ ಹಲ್ಲು ಕಾಣುವಂತೆ ನಕ್ಕ. ಕನ್ನಡದವರು ಸಿಕ್ಕರೆಂದು ಅವನಿಗೆ ನಿಜಕ್ಕೂ ಖುಷಿಯಾದಂತಿತ್ತು.

“ಬನ್ನಿ ಆಂಟಿ, ಬನ್ನಿ ಅಂಕಲ್. ಕಮಲಾಕ್ಷ ಪಾಪದೋನು, ನಂಗೊತ್ತು. ಆದ್ರೆ ಫ್ಯಾಕ್ಟ್ ಏನಂದ್ರೆ ಆ ಬೋಟಿನೋನು ಏನೋ ನೋಡ್ಬಿಟ್ಟು ಏನೋ ಅಂದ್ಕೊಂಡಿದಾನೆ. ಮುಂದಿನ ಲ್ಯಾಂಪಲ್ಲಿ ಯಾವ ಪ್ರಾಬ್ಲಮ್ಮೂ ಇಲ್ಲ. ಇನ್‌ಸ್ಪೆಕ್ಷನ್‌ನಲ್ಲೂ ಅದೇ ಬಂತಲ್ಲ.”

ಒಳಗೆ ಸುರಕ್ಷತೆ ನೋಡಿಕೊಳ್ಳುವ ನಿಶಾ ಕೂತಿದ್ದಳು. ತಂದೆ ಉಡುಪಿಯವರು, ಇವಳು ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಬಾರ್ಜು ನೋಡಬಹುದೇ ಎಂದು ರಮಾಮಣಿ ಕೇಳಿದರೆ, “ಹಾಂ ಆಂಟಿ, ಚಲೋ ನಾ,” ಎಂದು ಲೈಫ್ ಜಾಕೆಟ್ ತೆಗೆಯಲು ಎದ್ದಳು. ಅವಳ ಮೇಜಿನ ದೀಪಕ್ಕೆ ಹಳದಿ ಜಿಲೆಟಿನ್ ಕಾಗದ ಅಂಟಿಸಿತ್ತು. ಮೇಜಿನ ಮೇಲಿನ ಕಡತಗಳೆಲ್ಲ ಅರಿಸಿನ ಎರಚಿದ ಬಣ್ಣಕ್ಕೆ ಬಂದಿದ್ದವು.

ಗೋಡೆಯ ಹಲಗೆಯಲ್ಲಿ ನಾಲ್ಕು ಕ್ಲಿಪ್ಪುಗಳಿದ್ದವು. ಬೇಲಾಪುರದ ಹೆಡ್ ಆಫೀಸಿನಿಂದ ನವರಾತ್ರಿ ಬಣ್ಣದ ಫೋಟೋ ಸ್ಪರ್ಧೆ ನಡೆಯುತ್ತಿದೆಯಂತೆ. ಪ್ರತಿ ಸೈಟಿನವರೂ ದಿನಕ್ಕೊಂದು ಕಳಿಸಬೇಕಂತೆ. ಮೊದಲ ಕ್ಲಿಪ್ಪಿನಲ್ಲಿ ಬಿಳಿ ಅಂಗಿಗಳ ಗುಂಪು, ಮೂರನೆಯದರಲ್ಲಿ ನೀಲಿ, ನಾಲ್ಕನೆಯದರಲ್ಲಿ ಹಳದಿ. ಎರಡನೆಯ ಕ್ಲಿಪ್ಪು ಖಾಲಿ ಇತ್ತು. ಸಂಕರ್ಷಣ ಅದನ್ನು ನೋಡಿದ, ಆದರೆ ಅವನ ಗಮನವೆಲ್ಲ ನಿಶಾಳ ಮೇಜಿನ ದೀಪದ ಮೇಲೆಯೇ ಇತ್ತು. ರಮಾಮಣಿಯವರ ಮೊಣಕೈ ಮುಟ್ಟಿ ಕಣ್ಣಲ್ಲೇ ತೋರಿಸಿದ. ಅವರು ನೋಡಿಯೂ ನೋಡದಂತೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು.

ಬಾರ್ಜಿನ ಮೇಲೆ ಕಬ್ಬಿಣ ಕಾದು ಕಾಲು ಸುಡುತ್ತಿತ್ತು. ದೀಪ ತಲೆಗಿಂತ ಎತ್ತರದಲ್ಲಿತ್ತು. ನಿಶಾ ಕೊಡೆಯ ತುದಿಯಿಂದ ತೋರಿಸುತ್ತ, ಬುಧವಾರ ಅಧಿಕಾರಿಯ ಜೊತೆ ತಾನೇ ಬಂದದ್ದು, ಮಂಗಳವಾರವಿಡೀ ತಾನು ಬೇಲಾಪುರದಲ್ಲಿ ತರಬೇತಿಯಲ್ಲಿದ್ದದ್ದು, ತನಿಖೆ ಮುಗಿಯುವವರೆಗೆ ದೀಪವನ್ನು ಒರೆಸಬಾರದೆಂದು ಅಧಿಕಾರಿ ಹೇಳಿದ್ದು, ಎಲ್ಲ ಹೇಳಿದಳು. ಅದನ್ನು ಸಂಕರ್ಷಣ ಒಂದು ಕಿವಿಯಲ್ಲಿ ಮಾತ್ರ ಕೇಳಿದ. ಅಪರಾಧಿಗಳು ಹೀಗೆಯೇ ಕೇಳದಿದ್ದರೂ ವಿವರ ಕೊಡುತ್ತಾರೆಂದು ಅವನ ಅನುಭವ.

ಕಮಲಾಕ್ಷ ತನ್ನ ದೋಣಿಯಿಂದ ಮರದ ಸ್ಟೂಲು ತಂದಿಟ್ಟ. ದೀಪ ಒರೆಸಲು ಅದು ಬೇಕೇ ಬೇಕು. ದಿನವೂ ತರುತ್ತಾನೆ, ದಿನವೂ ವಾಪಸು ಒಯ್ಯುತ್ತಾನೆ. ರಮಾಮಣಿ ಸೆರಗು ಸಿಕ್ಕಿಸಿ ಅದರ ಮೇಲೆ ಹತ್ತಿ, ಪೇಪರ್ ಓದುವ ಭೂತಗನ್ನಡಿ ಹಿಡಿದು ಹಿಂದಿನ ದೀಪ ನೋಡಿದರು. ಬರಿಯ ಧೂಳು. ಮುಂದಿನ ದೀಪದ ಹತ್ತಿರ ಬಹಳ ಹೊತ್ತು ನಿಂತರು.

“ಭಟ್ರೇ, ಹತ್ತಿ ನೋಡಿ. ಏನು ಕಾಣತ್ತೆ?”

ಸಂಕರ್ಷಣ ನಡುಗುವ ಸ್ಟೂಲಿನ ಮೇಲೆ ದೇವರನ್ನು ನೆನೆಯುತ್ತ ನೋಡಿದ. ದುಂಡನೆಯ ಗಾಜಿಗೆ ಸಣ್ಣ ನೊರಜುಗಳು ಅಂಟಿ ಸತ್ತಿದ್ದವು. ಎಲ್ಲೆಂದರಲ್ಲಿ ಅಲ್ಲ, ಮೇಲಿನಿಂದ ಕೆಳಗೆ ಬೆರಳಗಲದ ಒಂದು ನೇರ ಪಟ್ಟಿ, ಅದಕ್ಕೆ ಸರಿ ಎದುರಿನ ಮಗ್ಗುಲಲ್ಲಿ ಇನ್ನೊಂದು ಪಟ್ಟಿ. ಮಿಕ್ಕ ಗಾಜು ಸ್ವಚ್ಛವಾಗಿತ್ತು.

“ನೊರಜು ಉಂಟು,” ಎಂದ.

“ಸಾಲಾಗಿ ನಿಂತು ಸಾಯೋ ನೊರಜು,” ಎಂದು ರಮಾಮಣಿ ಸಂತೋಷದಿಂದ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದರು.

ದಡಕ್ಕೆ ಮರಳಿದಾಗ ಯಶ್ವಂತ್ ಒಡೆದ ದೋಣಿಯ ಪಕ್ಕದಲ್ಲೇ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. “ಲಾಲ್ ದಿವಾ ಹೋತಾ, ಮಾವಶಿ,” ಎಂದ. ಉಳಿದದ್ದನ್ನು ಕಮಲಾಕ್ಷ ಕನ್ನಡಕ್ಕೆ ತಿರುಗಿಸಿದ. ಎಡಗಡೆ ಕೆಂಪು ದೀಪ ಕಂಡಿತ್ತು, ಬಲಗಡೆ ದೂರಕ್ಕೆ ಒಂದು ಬಿಳಿ. ವಾರದಿಂದ ಉರಣ ಎಂಬ ಊರಿನ ತಂಗಿಯ ಮನೆಯಲ್ಲಿದ್ದು ಅಂದೇ ಮರಳಿದ್ದರಿಂದ ಬಾರ್ಜು ಜಾಗ ಬದಲಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಅಮಾವಾಸ್ಯೆ ಕಳೆದು ಎರಡೇ ದಿನವಾದ್ದರಿಂದ ಕಬ್ಬಿಣದ ಮೈ ಒಂದಿಷ್ಟೂ ಕಾಣುತ್ತಿರಲಿಲ್ಲ.

“ಅಧಿಕಾರಿಗೆ ಬರೆದು ಕೊಟ್ಟಾಗ ಎಡ, ಬಲ ಎಲ್ಲ ಹೇಳಿದ್ರಾ?” ಎಂದು ಕೇಳಿದರು ರಮಾಮಣಿ.

ಯಾರೂ ಕೇಳಲಿಲ್ಲ, ಕೆಂಪು ದೀಪ ಎಂದಷ್ಟೇ ಬರೆದುಕೊಂಡರು ಎಂದ ಯಶ್ವಂತ್. ಆಮೇಲೆ ಕಮಲಾಕ್ಷನ ಹೆಗಲ ಮೇಲೆ ಕೈ ಹಾಕಿ ಮರಾಠಿಯಲ್ಲಿ ಏನೋ ಹೇಳಿದ. ಕಮಲಾಕ್ಷ ಅದನ್ನು ತಿರುಗಿಸದೆ ನೀರಿನ ಕಡೆ ನೋಡಿದ.

“ಏನಂತೆ?” ಎಂದ ಸಂಕರ್ಷಣ.

“ಕುಡಿದಿದ್ದೆ ಅಂತ ತಾನೇ ಒಪ್ಪಿಕೊಳ್ತಾನಂತೆ. ನನಗೆ ಮಕ್ಕಳು ಸಣ್ಣವು ಅಂತ.”

ಸಂಕರ್ಷಣ ಇಬ್ಬರನ್ನೂ ಬೆರಗಿನಿಂದ ನೋಡಿದ. ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವನಿಗೆ ಮನುಷ್ಯರ ವಿಷಯದಲ್ಲಿ ಇನ್ನು ಹೊಸದೇನೂ ಉಳಿದಿಲ್ಲವೆಂದು ಅವನು ತಿಳಿದಿದ್ದ. ಮರಳುವ ರಿಕ್ಷಾದಲ್ಲಿ, “ಆ ನಿಶಾಳೇ,” ಎಂದ. “ಮೇಜಿನ ದೀಪಕ್ಕೆ ಹಳದಿ ಕಾಗದ. ಬಾರ್ಜಿಗೆ ಕೆಂಪು. ನಾನು ಬಿಡುವುದಿಲ್ಲ ಅವಳನ್ನು.”

“ಅರ್ಧ ಸರಿ,” ಎಂದರು ರಮಾಮಣಿ. “ನಾಳೆ ನಾಲ್ಕಕ್ಕೆ ನಿಮ್ಮ ಎ.ಸಿ. ಕೋಣೆ ಬೇಕು. ಪರದೆ ಎಳೆದ್ರೆ ಕತ್ತಲಾಗತ್ತಲ್ಲ? ಎಲ್ಲರನ್ನೂ ಅಲ್ಲಿಗೇ ಕರೀರಿ, ಅಧಿಕಾರಿಯವರನ್ನೂ. ಗೋಳಿಬಜೆ ಅಂದ್ರೆ ಯಾರೂ ಇಲ್ಲ ಅನ್ನಲ್ಲ.”

*

ಶುಕ್ರವಾರ ಹಸಿರಿನ ದಿನ. ಎ.ಸಿ. ಕೋಣೆಯಲ್ಲಿ ಸಂಕರ್ಷಣ ಹಸಿರು, ಸುಮುಖ ಹಸಿರು, ನಿಶಾ ಹಸಿರು, ಬಂದರು ಅಧಿಕಾರಿ ಅನಘಾ ಸಹ ಹಸಿರು ಸೀರೆ. ಕಾಫಿ ಬಣ್ಣದ ಸೀರೆಯಲ್ಲಿದ್ದ ರಮಾಮಣಿಯವರ ಮುಂದಿನ ಮೇಜಿನ ನಡುವೆ ಹಿತ್ತಾಳೆ ಚೆಂಬು, ಅದರ ಮೇಲೆ ಕಮಲಾಕ್ಷ ತಂದ ಬಾರ್ಜಿನ ಹೆಚ್ಚುವರಿ ದೀಪ, ಅದಕ್ಕೆ ಒಂದು ಬಟ್ಟೆ ಮುಚ್ಚಿತ್ತು. ಮೇಜಿನ ಈ ಕಡೆ ಕಮಲಾಕ್ಷ, ಆ ಕಡೆ ಯಶ್ವಂತ್. ಉಳಿದವರು ಕಮಲಾಕ್ಷನ ಬೆನ್ನ ಹಿಂದೆ ಕೂತಿದ್ದರು.

ಸಂಕರ್ಷಣ ಪರದೆ ಎಳೆದ. ರಮಾಮಣಿ ಬಟ್ಟೆ ತೆಗೆದರು. ಕತ್ತಲಿಗೆ ದೀಪ ತಾನಾಗಿ ಹೊತ್ತಿಕೊಂಡಿತು.

“ಕಮಲಾಕ್ಷ, ಯಾವ ಬಣ್ಣ?”

“ಬಿಳಿ ಅಮ್ಮ.”

“ಯಶ್ವಂತ್?”

“ಲಾಲ್.”

“ಈಗ ಇಬ್ಬರೂ ಕುರ್ಚಿ ಬದಲಾಯಿಸಿ,” ಎಂದರು ರಮಾಮಣಿ. ಆ ಕಡೆ ಹೋಗಿ ಕೂತ ಕಮಲಾಕ್ಷ ದೀಪವನ್ನೂ ಯಶ್ವಂತನನ್ನೂ ನೋಡಿ, ನಿಧಾನಕ್ಕೆ ನಗತೊಡಗಿದ. ಯಶ್ವಂತ್ ಬಿಳಿಯ ಕಡೆಯಿಂದ ಹೌದು ಹೌದು ಎಂದು ತಲೆಯಾಡಿಸಿದ. ಅಧಿಕಾರಿ ಎದ್ದು ಬಂದು ಮೇಜಿನ ಸುತ್ತ ನಡೆದು ನೋಡಿದರು. ಗಾಜಿನ ಅರ್ಧಕ್ಕೆ ಮಾತ್ರ ಕೆಂಪು ಜಿಲೆಟಿನ್ ಕಾಗದ ಅಂಟಿಸಿತ್ತು.

“ಸುಳ್ಳು ಹೇಳಿದವರು ಇವರಿಬ್ಬರಲ್ಲ, ದೀಪ,” ಎಂದರು ರಮಾಮಣಿ. “ಇಂಥ ದೀಪಕ್ಕೆ ಮೊದಲ ನಿಯಮವೇ ಅದು: ಸುತ್ತಲೂ ಒಂದೇ ಮಾತು ಹೇಳಬೇಕು. ಮಂಗಳವಾರ ಅದು ದಡಕ್ಕೆ ಬಿಳಿ ಅಂತು, ನದಿಗೆ ಕೆಂಪು ಅಂತು. ಕೆಂಪು ಕಂಡ ಯಶ್ವಂತ್ ಏನು ಮಾಡಿದರು? ಕಲಿತದ್ದನ್ನೇ ಮಾಡಿದರು. ಹಡಗಿನ ಎಡಮೈ ಕಾಣತ್ತೆ ಅಂದ್ರೆ ಅದು ತನ್ನ ಎಡಕ್ಕೆ ಹೋಗ್ತಿದೆ, ಅದರ ಹಿಂದಿನಿಂದ ದಾಟೋಣ ಅಂತ ಬಲಕ್ಕೆ ತಿರುಗಿಸಿದರು. ಬಲಗಡೆಯ ಬಿಳಿ ದೀಪ ಇನ್ಯಾರದೋ ಲಂಗರು ಹಾಕಿದ ದೋಣಿ ಅಂದ್ಕೊಂಡರು. ಎರಡರ ನಡುವೆ ನೀರಿದೆ ಅಂತ ಹೋದರು. ನಡುವೆ ಇದ್ದದ್ದು ಬಾರ್ಜು. ಕುಡಿದವನಾಗಿದ್ರೆ ಇಷ್ಟು ಲೆಕ್ಕಾಚಾರ ಮಾಡ್ತಿರಲಿಲ್ಲ.”

“ಕಾಗದ ಇತ್ತೆಂದು ಹೇಗೆ ಹೇಳುತ್ತೀರಿ?” ಎಂದು ಅನಘಾ ಮರಾಠಿಯಲ್ಲಿ ಕೇಳಿದರು.

“ನೊರಜು ಹೇಳಿದವು. ಟೇಪು ಕಿತ್ತ ಮೇಲೆ ಅಂಟು ಗಾಜಿನ ಮೇಲೇ ಉಳೀತು. ಎರಡು ಮಗ್ಗುಲಲ್ಲಿ ಎರಡು ಪಟ್ಟಿ, ಅಂದ್ರೆ ಸರಿಯಾಗಿ ಅರ್ಧ ದೀಪ. ರಾತ್ರಿ ದೀಪಕ್ಕೆ ಬಂದ ನೊರಜು ಅಲ್ಲೇ ಕೂತವು. ಒರೆಸಬಾರದು ಅಂದ ನೀವೇ ಸಾಕ್ಷಿ ಉಳಿಸಿದ್ದು. ಇನ್ನು ಯಾಕೆ ಅಂಟಿಸಿದರು? ಮಂಗಳವಾರ ಯಾವ ಬಣ್ಣ ಅಂತ ಈ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಕ್ಯಾಮೆರಾ ನದಿಯ ಲಾಂಚಿನಲ್ಲಿತ್ತು, ಕ್ಯಾಮೆರಾಕ್ಕೆ ಕಾಣೋ ಅರ್ಧಕ್ಕೆ ಕಾಗದ ಸಾಕಾಯ್ತು. ಹಲಗೆಯಲ್ಲಿ ಮಂಗಳವಾರದ ಫೋಟೋ ಮಾತ್ರ ಇಲ್ಲ.”

ಸಂಕರ್ಷಣ ಗೆದ್ದವನಂತೆ ನಿಶಾಳ ಕಡೆ ತಿರುಗಿದ.

“ಬೇಡ ಭಟ್ರೇ,” ಎಂದರು ರಮಾಮಣಿ. “ಈ ಹುಡುಗಿ ಮಂಗಳವಾರ ಊರಲ್ಲೇ ಇರಲಿಲ್ಲ. ದೀಪ ತೋರಿಸೋಕೂ ಅವಳಿಗೆ ಕೊಡೆ ಬೇಕಾಯ್ತು. ಸ್ಟೂಲು ಕಮಲಾಕ್ಷನ ದೋಣಿಯಲ್ಲಿ ದಡಕ್ಕೆ ಬಂದಿತ್ತು. ಸ್ಟೂಲಿಲ್ಲದೆ ಆ ಗಾಜು ಕೈಗೆ ಸಿಗೋದು ಒಬ್ಬರಿಗೇ. ನಿಶಾ, ನಿನ್ನ ಮೇಜಿನ ದೀಪಕ್ಕೆ ದಿನಾ ಬಣ್ಣ ಅಂಟಿಸೋದು ಯಾರಮ್ಮ?”

ನಿಶಾ ಸುಮುಖನ ಕಡೆ ನೋಡಿದಳು.

“ಇನ್ನೊಂದಿದೆ,” ಎಂದು ರಮಾಮಣಿ ಸುಮುಖನ ಕಡೆ ತಿರುಗಿದರು. “ನಾವು ಆಫೀಸಿಗೆ ಬಂದ ಕೂಡಲೇ ಮುಂದಿನ ಲ್ಯಾಂಪಿನಲ್ಲಿ ಏನೂ ತೊಂದರೆ ಇಲ್ಲ ಅಂದೆ ಕಣಪ್ಪ. ಎರಡು ದೀಪದಲ್ಲಿ ಯಾವುದು ಅಂತ ಯಶ್ವಂತ್ ಆವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?”

ಸುಮುಖ ತಟ್ಟೆಯಲ್ಲಿದ್ದ ಗೋಳಿಬಜೆಯನ್ನೇ ನೋಡುತ್ತಿದ್ದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಎಲ್ರೂ ಲಾಂಚ್ ಹತ್ತಿದ್ರು ಆಂಟಿ. ಕಾಗದ ತೆಗೆದು ಬರ್ತೀನಿ ಅಂತ ನಾನೊಬ್ಬನೇ ಉಳಿದೆ. ಅಷ್ಟರಲ್ಲಿ ಬೇಲಾಪುರದಿಂದ ಫೋನು. ಮಾತಾಡ್ತಾ ಹಂಗೇ ಹತ್ಬಿಟ್ಟೆ. ತೆಗೆದೆಯಾ ಅಂತ ಲಾಂಚಲ್ಲಿದ್ದೋರು ಕೇಳಿದಾಗ ಹೂಂ ಅಂದೆ. ನೆನಪಾಗಿದ್ದು ಆಕ್ಸಿಡೆಂಟ್ ಕೇಳಿದ ಮೇಲೇನೇ. ಬುಧವಾರ ಬೆಳಕು ಹರಿಯೋ ಹೊತ್ತಿಗೆ ಹೋಗಿ ಕಿತ್ತು ಹಾಕ್ದೆ. ಕೆಲಸ ಹೋಗತ್ತೆ ಅಂತ ಭಯ ಆಯ್ತು.”

“ಮರೆತದ್ದು ಮಂಗಳವಾರ, ತಪ್ಪು ಮಾಡಿದ್ದು ಬುಧವಾರ,” ಎಂದರು ರಮಾಮಣಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮುಖನಿಗೆ ಅದೇ ಹೆಚ್ಚು ಚುಚ್ಚಿದಂತೆ ಕಂಡಿತು. “ಮರೆವು ಯಾರಿಗಿಲ್ಲ? ಆದರೆ ನಿನ್ನ ಭಯವನ್ನ ಈ ಇಬ್ಬರ ತಲೆಗೆ ಕಟ್ಟಿದೆ. ಇವರು ಏನು ಮಾಡಹೊರಟಿದ್ರು ಗೊತ್ತಾ? ಒಬ್ಬರನ್ನೊಬ್ಬರು ಉಳಿಸೋಕೆ ಇಬ್ಬರೂ ಸುಳ್ಳೊಪ್ಪಿಗೆ ಕೊಡೋಕೆ ತಯಾರಿದ್ರು.”

“ಇಬ್ಬರೂ ಎಂದರೆ?” ಎಂದ ಸಂಕರ್ಷಣ.

ಕಮಲಾಕ್ಷ ಆಗಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಿಸೆಯಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಸಂಕೋಚದಿಂದ ಮೇಜಿನ ಮೇಲಿಟ್ಟ. ಮಂಗಳವಾರ ದೀಪ ನೋಡಲು ತಾನು ಹೋಗಿರಲಿಲ್ಲ ಎಂದು ಬರೆದು, ಕೆಳಗೆ ಸಹಿ ಹಾಕಿದ್ದ. ಯಶ್ವಂತನಿಗೆ ಕನ್ನಡ ಓದಲು ಬಾರದಿದ್ದರೂ ಅದೇನೆಂದು ಗೊತ್ತಾಯಿತು. ಅವನು ಒಳ್ಳೆಯ ಕೈಯಿಂದ ಅದನ್ನು ಎತ್ತಿ, ಹರಿದು, ಚೂರುಗಳನ್ನು ಕಮಲಾಕ್ಷನ ಕಾಫಿಗೇ ಹಾಕಿದ.

ಅನಘಾ ಅಲ್ಲಿಯೇ ಹೊಸ ವರದಿ ಬರೆದರು. ಯಶ್ವಂತನ ಲೈಸೆನ್ಸಿಗೂ ಕಮಲಾಕ್ಷನ ಕೆಲಸಕ್ಕೂ ಕುಂದಿಲ್ಲ. ದೋಣಿಯನ್ನು ಕಂಪನಿ ದುರಸ್ತಿ ಮಾಡಿಸಿಕೊಡಬೇಕು. ಸುಮುಖನ ವಿಷಯ ಬೇಲಾಪುರಕ್ಕೆ ಹೋಗುತ್ತದೆ. ಸುಮುಖ ಎದ್ದು, ಅಷ್ಟೆತ್ತರದ ಮೈಯನ್ನು ಬಗ್ಗಿಸಿ, ಮೊದಲು ಯಶ್ವಂತನ, ಆಮೇಲೆ ಕಮಲಾಕ್ಷನ ಕೈ ಹಿಡಿದುಕೊಂಡ. ದೋಣಿ ನೀರಿಗಿಳಿಯುವವರೆಗೆ ದಿನವೂ ಸಂಜೆ ಬಂದು ಕೈಜೋಡಿಸುತ್ತೇನೆಂದ. ಸಂಕರ್ಷಣ ನಿಶಾಳ ಎದುರಿಗೆ ಎರಡನೆಯ ತಟ್ಟೆ ಗೋಳಿಬಜೆಯನ್ನು ತಾನೇ ತಂದಿಟ್ಟ. ಯಾಕೆಂದು ಅವಳಿಗೆ ಅರ್ಥವಾಗಲಿಲ್ಲ, ಅವನೂ ಹೇಳಲಿಲ್ಲ.

*

ದಸರೆಯ ದಿನ ಸಂಜೆ ರಮಾಮಣಿಯೂ ಸಂಕರ್ಷಣನೂ ರೇತಿಬಂದರಿಗೆ ಹೋದರು. ಕಮಲಾಕ್ಷ ಬಾರ್ಜಿನ ದೀಪಗಳಿಗೆ ಆಯುಧಪೂಜೆ ಮುಗಿಸಿ ಬಂದು ದಡದಲ್ಲಿ ನಿಂತಿದ್ದ. ಕುಂಕುಮ, ಚೆಂಡುಹೂವು ಎಲ್ಲ ಕಂಬದ ಬುಡಕ್ಕೆ. ಗಾಜಿನ ಹತ್ತಿರ ಒಂದು ಎಸಳೂ ಹೋಗಿರಲಿಲ್ಲ. ದುರಸ್ತಿಯಾದ ದೋಣಿಯಲ್ಲಿ ಯಶ್ವಂತ್ ಆಗಲೇ ನದಿಯ ಆಚೆ ಮಗ್ಗುಲಿಗೆ ಹೋಗಿದ್ದ.

“ಎಲ್ಲರೂ ಬಣ್ಣ ಹಾಕುವಾಗ ನೀವೊಬ್ಬರು ಯಾಕೆ ಹಾಕುವುದಿಲ್ಲ?” ಎಂದು ಸಂಕರ್ಷಣ ಹತ್ತು ದಿನದಿಂದ ತಡೆದಿಟ್ಟದ್ದನ್ನು ಕೇಳಿಯೇಬಿಟ್ಟ.

“ಇಪ್ಪತ್ತೆಂಟು ವರ್ಷ ಬಿಳಿ ದೀಪ ಬೆಳ್ಳಗಿದೆಯಾ ಅಂತ ನೋಡೋದೇ ನನ್ನ ಕೆಲಸ ಆಗಿತ್ತು. ಬಣ್ಣದ ಸೀರೆ ಉಟ್ಟರೆ ಗಾಜಿನಲ್ಲಿ ಅದರ ನೆರಳು ಬೀಳ್ತಿತ್ತು. ಕಾಫಿ ಬಣ್ಣ ರೂಢಿಯಾಗಿಹೋಯ್ತು.”

ಆಕಾಶ ಕಪ್ಪಾಯಿತು. ಬಾರ್ಜಿನ ಒಂದು ತುದಿಯಲ್ಲಿ ಮೊದಲು, ಒಂದು ಕ್ಷಣದ ಮೇಲೆ ಇನ್ನೊಂದರಲ್ಲಿ ದೀಪ ಹೊತ್ತಿಕೊಂಡಿತು. ಕಮಲಾಕ್ಷ ಬಾಯಿಗೆ ಎರಡೂ ಕೈ ಹಿಡಿದು ನೀರಿನ ಕಡೆಗೆ ಕೂಗಿದ.

“ದೋನ್, ಪಾಂಢರೇ.”

ಎರಡು, ಬಿಳಿ. ಅವನು ಕಿವಿಗೊಟ್ಟು ಕಾದ. ಹದಿನಾಲ್ಕು ವರ್ಷ ಒಂದೇ ಕಡೆಯಿಂದ ಎಣಿಸಿದವನು ಈಗ ಉತ್ತರ ಬರುವವರೆಗೆ ಮನೆಗೆ ಹೋಗುತ್ತಿರಲಿಲ್ಲ.

ಬಾರ್ಜಿನ ಆಚೆಯಿಂದ, ಕಾಣದ ದೋಣಿಯಿಂದ, ಯಶ್ವಂತ್ ತಾನು ಹೊಸದಾಗಿ ಕಲಿತ ಕನ್ನಡದಲ್ಲಿ ಕೂಗಿದ.

“ಎರಡು, ಬಿಳಿ.”

ಕಮಲಾಕ್ಷ ಟೊಪ್ಪಿ ಹಾಕಿಕೊಂಡು, “ಬನ್ನಿ ಅಮ್ಮ, ಹೋಗುವಾ,” ಎಂದ.